ಮನೆಯ ಫೋನ್ ಸರ್ವರ್‌ನಲ್ಲಿ ನಂಬರ್ ನೋಡಿ ಕರೆ ತಿರುಗಿಸುವುದು ಕೈಕೊಟ್ಟರೆ ಏನು ಮಾಡಬೇಕು?

ಹಳೆ ಪಿಸಿ ಮೇಲೋ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೋ ಆಸ್ಟರಿಸ್ಕ್ (ಮನೆಯ ಫೋನ್‌ಗಳಿಗೆ ಎಕ್ಸ್‌ಚೇಂಜ್ ಆಗುವ ಸಾಫ್ಟ್‌ವೇರ್) ಹಾಕಿಕೊಂಡವರು ಮೊದಲು ಮಾಡುವ ಕೆಲಸ, ಮನೆಯೊಳಗೇ ಒಂದು ಫೋನಿನಿಂದ ಇನ್ನೊಂದಕ್ಕೆ ಕರೆ ಮಾಡಿ ಖುಷಿಪಡುವುದು. ಎರಡನೆಯದು, ಹೊರಗಿನ ಕರೆಗಳನ್ನು ನಂಬರ್ ನೋಡಿ ಬೇರೆ ಬೇರೆ ಕಡೆ ಕಳಿಸುವುದು. ಅಮೆರಿಕದಲ್ಲಿರುವ ಮಗಳು ಫೋನ್ ಮಾಡಿದರೆ ರಾತ್ರಿ ಹನ್ನೊಂದಾದರೂ ಅಪ್ಪ ಅಮ್ಮನ ಕೋಣೆಯ ಫೋನ್ ರಿಂಗ್ ಆಗಬೇಕು. ಗೊತ್ತಿಲ್ಲದ ನಂಬರ್ ಆದರೆ ಹಾಲ್‌ನ ಫೋನ್ ಮಾತ್ರ. 140ರಿಂದ ಶುರುವಾಗುವ ಮಾರಾಟದ ಕರೆ ಎಲ್ಲೂ ರಿಂಗ್ ಆಗಕೂಡದು. ಬರೆದರೆ ಮೂರೇ ನಿಯಮ. ಆದರೆ ಶುರು ಮಾಡಿ ನೋಡಿದರೆ ಮಗಳ ಕರೆ ಎಲ್ಲೋ ಮಾಯ, ಲೋನ್ ಬೇಕಾ ಅನ್ನುವವರು ಸೀದಾ ಮಲಗುವ ಕೋಣೆಗೆ!

ಆಗ ಹೆಚ್ಚಿನವರು ನಿಯಮವನ್ನೇ ತಿದ್ದಲು ಕೂರುತ್ತಾರೆ. ಬೇಡ. ನಿಯಮ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ನೀವು ಅಂದುಕೊಂಡ ರೂಪದಲ್ಲಿ ನಂಬರ್ ಬಂದಿರುವುದಿಲ್ಲ, ಅಥವಾ ನಂಬರೇ ಬಂದಿರುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳ ಕ್ರಮ ಹೀಗಿರಲಿ: ನಂಬರ್ ಬಂತಾ? ಯಾವ ರೂಪದಲ್ಲಿ ಬಂತು? ಅದನ್ನು ಯಾವ ನಿಯಮ ಹಿಡಿಯಿತು? ಈ ಲೇಖನವೂ ಅದೇ ಕ್ರಮದಲ್ಲಿದೆ.

ಆಸ್ಟರಿಸ್ಕ್ ಹುಟ್ಟಿದ್ದು ಅಮೆರಿಕದಲ್ಲಿ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಅದನ್ನು ಬರೆಯಲು ಶುರು ಮಾಡಿದರು. ಹಾಗಾಗಿ ಅದರ ಡಿಫಾಲ್ಟ್ ಸೆಟ್ಟಿಂಗ್‌ಗಳು ಅಲ್ಲಿನ ಲೈನ್‌ಗೆ, ಅಲ್ಲಿನ ನಂಬರ್‌ಗೆ ಹೊಂದುವಂಥವು. ನಮ್ಮ ತೊಂದರೆಗಳಲ್ಲಿ ಅರ್ಧಕ್ಕೆ ಇದೇ ಮೂಲ. ಅದನ್ನು ವೆಬ್ ಪುಟದಿಂದಲೇ ನಡೆಸಲು ಫ್ರೀಪಿಬಿಎಕ್ಸ್ ಇದೆ. ಎರಡನ್ನೂ ಬಳಸುವವರಿಗಾಗಿ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.

1. ಬಂದ ನಂಬರನ್ನು ಕಣ್ಣಾರೆ ನೋಡಿ

ಫೋನಿನ ಪರದೆ ನೋಡಿ ತೀರ್ಮಾನಕ್ಕೆ ಬರಬೇಡಿ. ಪರದೆಯಲ್ಲಿ "ಅಕ್ಕ" ಅಂತ ಬಂದಿದ್ದು ಆ ಫೋನಿನ ಸ್ವಂತ ಫೋನ್‌ಬುಕ್‌ನಿಂದ ಇರಬಹುದು. ಎಷ್ಟೋ ಫೋನ್‌ಗಳು ಕೊನೆಯ ಕೆಲವು ಅಂಕಿ ಹೊಂದಿದರೆ ಸಾಕು, ಹೆಸರು ತೋರಿಸಿಬಿಡುತ್ತವೆ. ಸರ್ವರ್ ಅಷ್ಟು ಉದಾರಿ ಅಲ್ಲ. ಒಂದು ಅಂಕಿ ಹೆಚ್ಚಿದ್ದರೂ ಅದಕ್ಕೆ ಅದು ಬೇರೆ ನಂಬರೇ.

ಟರ್ಮಿನಲ್ ತೆರೆದು "ಆಸ್ಟರಿಸ್ಕ್" ಎಂದು ಹೊಡೆದು, ಜಾಗ ಬಿಟ್ಟು, ಹೈಫನ್, ಆರ್, ಮೂರು ವಿ ಸೇರಿಸಿ. ಕನ್ಸೋಲ್ ತೆರೆಯುತ್ತದೆ. ಅಲ್ಲಿ "ಕೋರ್ ಸೆಟ್ ವರ್ಬೋಸ್ 5" ಕೊಡಿ. ಈಗ ಮೊಬೈಲ್‌ನಿಂದ ಮನೆಗೆ ಕರೆ ಮಾಡಿ. ಕರೆ ಯಾವ ಹೆಜ್ಜೆ ದಾಟಿತು ಅನ್ನುವುದು ಸಾಲು ಸಾಲಾಗಿ ಓಡುತ್ತದೆ. ತುಂಬಾ ವೇಗವಾಗಿ ಓಡಿದರೆ ಚಿಂತೆ ಇಲ್ಲ. ಫ್ರೀಪಿಬಿಎಕ್ಸ್ ಇದ್ದವರಿಗೆ ಆಸ್ಟರಿಸ್ಕ್ ಲಾಗ್ ಫೋಲ್ಡರ್‌ನ "ಫುಲ್" ಎಂಬ ಫೈಲ್‌ನಲ್ಲಿ ಎಲ್ಲವೂ ಉಳಿದಿರುತ್ತದೆ.

ಡಯಲ್‌ಪ್ಲಾನನ್ನು, ಅಂದರೆ ಕರೆ ಎಲ್ಲಿಗೆ ಹೋಗಬೇಕು ಅನ್ನುವ ನಿಯಮಗಳ ಪಟ್ಟಿಯನ್ನು, ಕೈಯಲ್ಲೇ ಬರೆದವರು ಹೊರಗಿನ ಕರೆ ಬಂದು ಇಳಿಯುವ ಜಾಗದಲ್ಲಿ, ಮೊದಲ ಸಾಲಾಗಿ ಒಂದು ನೋಆಪ್ ಹಾಕಿ. ಅದು ಏನೂ ಮಾಡುವುದಿಲ್ಲ, ಕೊಟ್ಟಿದ್ದನ್ನು ಕನ್ಸೋಲ್‌ನಲ್ಲಿ ತೋರಿಸುತ್ತದೆ ಅಷ್ಟೇ. ಅದರೊಳಗೆ ಕಾಲರ್‌ಐಡಿ ಫಂಕ್ಷನ್‌ನ "ನಮ್" ಭಾಗವನ್ನು, ಅಂದರೆ ಬಂದ ನಂಬರನ್ನು, ಚೌಕ ಕಂಸದ ನಡುವೆ ಇಟ್ಟು ಬರೆಯಿರಿ. ಚೌಕ ಕಂಸ ಯಾಕೆ ಅಂದರೆ, ನಂಬರ್ ಖಾಲಿ ಇದ್ದರೆ ಖಾಲಿ ಅಂತ ತಕ್ಷಣ ಕಾಣುತ್ತದೆ. ಹಿಂದೆ ಮುಂದೆ ಸ್ಪೇಸ್ ಸೇರಿದ್ದರೂ ಕಾಣುತ್ತದೆ.

ಕರೆ ಸಿಪ್ ಟ್ರಂಕ್ (ಇಂಟರ್ನೆಟ್ ಮೇಲಿನ ಫೋನ್ ಲೈನ್) ಮೂಲಕ ಬರುತ್ತಿದ್ದರೆ "ಪಿಜೆಸಿಪ್ ಸೆಟ್ ಲಾಗರ್ ಆನ್" ಕೂಡ ಕೊಡಿ. ಕರೆ ಶುರುವಾಗುವಾಗ ಬರುವ ಇನ್ವೈಟ್ ಮೆಸೇಜ್ ಪೂರ್ತಿಯಾಗಿ ಕಾಣುತ್ತದೆ. ಎಸ್‌ಎನ್‌ಗ್ರೆಪ್ ಅನ್ನುವ ಪುಟ್ಟ ಟೂಲ್ ಹಾಕಿಕೊಂಡರೆ ಅದೇ ಮೆಸೇಜ್‌ಗಳು ಓದಲು ಇನ್ನೂ ಸುಲಭ. ನೋಡಬೇಕಾದದ್ದು ಎರಡು ಸಾಲು: "ಫ್ರಮ್" ಮತ್ತು "ಪಿ-ಅಸರ್ಟೆಡ್-ಐಡೆಂಟಿಟಿ". ಎರಡರಲ್ಲೂ ಬೇರೆ ಬೇರೆ ನಂಬರ್ ಇದ್ದರೆ ಒಂದು ಕಡೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದೇ ಮೊಬೈಲ್‌ನಿಂದ ಪರೀಕ್ಷೆ ಮಾಡಿ ಮುಗಿಸಬೇಡಿ. ಒಂದು ಮೊಬೈಲ್, ಅದೇ ಊರಿನ ಒಂದು ಲ್ಯಾಂಡ್‌ಲೈನ್, ಬೇರೆ ಊರಿನ ಒಂದು ಲ್ಯಾಂಡ್‌ಲೈನ್, ಸಾಧ್ಯವಾದರೆ ವಿದೇಶದ ಒಂದು ಕರೆ. ಇಷ್ಟನ್ನು ನೋಡಿ, ಬಂದ ನಂಬರ್ ಹೇಗಿದೆಯೋ ಹಾಗೇ ಪ್ಲಸ್, ಸೊನ್ನೆ ಸಮೇತ ಬರೆದುಕೊಳ್ಳಿ.

2. ನಂಬರೇ ಬರದಿದ್ದರೆ: ಲ್ಯಾಂಡ್‌ಲೈನ್

ಮೊದಲು ಸರ್ವರನ್ನು ಪಕ್ಕಕ್ಕಿಡಿ. ನಂಬರ್ ತೋರಿಸುವ ಸಾಮಾನ್ಯ ಫೋನ್ ಒಂದನ್ನು ಲೈನ್‌ಗೆ ಸೀದಾ ಚುಚ್ಚಿ. ಅದರಲ್ಲೂ ನಂಬರ್ ಬರುತ್ತಿಲ್ಲ ಅಂದರೆ ನಿಮ್ಮ ಡಯಲ್‌ಪ್ಲಾನ್‌ಗೆ ಇದರಲ್ಲಿ ಪಾತ್ರವೇ ಇಲ್ಲ. ಲೈನ್‌ನಲ್ಲಿ ಕಾಲರ್ ಐಡಿ ಸೌಲಭ್ಯ ಚಾಲೂ ಇಲ್ಲದಿರಬಹುದು. ಫೈಬರ್ ಸಂಪರ್ಕವಾದರೆ ಒಎನ್‌ಟಿ ಡಬ್ಬಿಯ (ಮನೆಯಲ್ಲಿ ಫೈಬರ್ ಬಂದು ಸೇರುವ ಡಬ್ಬಿ) ಫೋನ್ ಪೋರ್ಟ್‌ನಲ್ಲಿ ಅದು ಆಫ್ ಆಗಿರಬಹುದು. ಸೇವೆ ಕೊಡುವವರಿಗೆ ಹೇಳಿ ಸರಿ ಮಾಡಿಸಿಕೊಳ್ಳಿ.

ಫೋನಿನಲ್ಲಿ ಬರುತ್ತದೆ, ಸರ್ವರ್‌ನಲ್ಲಿ ಬರುವುದಿಲ್ಲ ಅನ್ನುವುದು ನಮ್ಮಲ್ಲಿ ಜಾಸ್ತಿ ಕಾಣುವ ತೊಂದರೆ. ಇದರ ಕಾರಣ ಗೊತ್ತಾದರೆ ಪರಿಹಾರ ಎರಡೇ ನಿಮಿಷದ್ದು.

ತಾಮ್ರದ ಲೈನ್ ಮೇಲೆ ನಂಬರ್ ಕಳಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮೋಡೆಮ್‌ನಂತೆ ಎರಡು ಸ್ವರಗಳ ನಡುವೆ ಜಿಗಿಯುತ್ತಾ ಕಳಿಸುವುದು. ಇದಕ್ಕೆ ಎಫ್‌ಎಸ್‌ಕೆ ಎನ್ನುತ್ತಾರೆ. ಅಮೆರಿಕದಲ್ಲಿ ಇದು ಮೊದಲ ಮತ್ತು ಎರಡನೇ ರಿಂಗ್ ನಡುವಿನ ಮೌನದಲ್ಲಿ ಬರುತ್ತದೆ. ಇನ್ನೊಂದು, ನಾವು ಕೀಪ್ಯಾಡ್ ಒತ್ತಿದಾಗ ಬರುವ ಡಿಟಿಎಂಎಫ್ ಸ್ವರಗಳಲ್ಲೇ ನಂಬರನ್ನು ಸರಸರನೆ ಒತ್ತಿ ಕಳಿಸುವುದು. ನಮ್ಮ ದೇಶದ ಅನೇಕ ಎಕ್ಸ್‌ಚೇಂಜ್‌ಗಳು ಈ ಎರಡನೇ ದಾರಿ ಹಿಡಿದವು. ಅದೂ ಮೊದಲ ರಿಂಗ್‌ಗಿಂತ ಮುಂಚೆಯೇ! ಲೈನ್‌ನ ಎರಡು ತಂತಿಗಳ ಪ್ಲಸ್ ಮೈನಸ್ ಒಂದು ಸಲ ಅದಲುಬದಲಾಗುತ್ತದೆ, ಅದೇ ಸೂಚನೆ. ಹಿಂದೆಯೇ ನಂಬರ್ ಬರುತ್ತದೆ, ಆಮೇಲೆ ರಿಂಗ್.

ಈಗ ಸರ್ವರ್ ಕಡೆಯಿಂದ ನೋಡಿ. ಡಿಫಾಲ್ಟ್‌ನಲ್ಲಿ ಅದು ಮೊದಲ ರಿಂಗ್ ಆದ ಮೇಲೆ ಕಿವಿ ತೆರೆಯುತ್ತದೆ. ಅಷ್ಟರಲ್ಲಿ ನಂಬರ್ ಬಂದು ಹೋಗಿರುತ್ತದೆ. ಮದುವೆ ಊಟ ಮುಗಿದ ಮೇಲೆ ಎಲೆ ಹಾಕಿಸಿಕೊಂಡು ಕೂತ ಹಾಗೆ.

ಪಿಸಿಗೆ ಫೋನ್ ಲೈನ್ ಕಾರ್ಡ್ ಹಾಕಿಕೊಂಡವರು "ಚಾನ್_ಡಾಡಿ" ಕಾನ್ಫ್ ಫೈಲ್ ತೆರೆಯಿರಿ. "ಯೂಸ್‌ಕಾಲರ್‌ಐಡಿ" ಯೆಸ್ ಆಗಿರಲಿ. ನಂತರ ಎರಡು ಸೆಟ್ಟಿಂಗ್ ನೋಡಿ:

- "ಸಿಐಡಿಸಿಗ್ನಲಿಂಗ್". ಇದರ ಡಿಫಾಲ್ಟ್ "ಬೆಲ್", ಅಂದರೆ ಅಮೆರಿಕದ ರೀತಿ. ಇದನ್ನು "ಡಿಟಿಎಂಎಫ್" ಮಾಡಿ.
- "ಸಿಐಡಿಸ್ಟಾರ್ಟ್". ಇದರ ಡಿಫಾಲ್ಟ್ "ರಿಂಗ್". ಇದಕ್ಕೆ "ಪೋಲಾರಿಟಿ_ಐಎನ್" ಕೊಡಿ. ಕೊನೆಯ ಐಎನ್ ಅಂದರೆ ಇಂಡಿಯಾನೇ. ನಮ್ಮ ಲೈನ್‌ಗಾಗಿಯೇ ಯಾರೋ ಪುಣ್ಯಾತ್ಮರು ಸೇರಿಸಿದ್ದಾರೆ, ಆದರೆ ಫೈಲ್‌ನ ಕಾಮೆಂಟ್‌ಗಳ ನಡುವೆ ಅಡಗಿ ಕೂತಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರಿಂದಲೂ ಬರದಿದ್ದರೆ ಸಿಐಡಿಸ್ಟಾರ್ಟ್‌ಗೆ "ಡಿಟಿಎಂಎಫ್" ಕೊಟ್ಟು ನೋಡಿ. ಆಗ ಅದು ಪೋಲಾರಿಟಿಗೆ ಕಾಯದೆ, ಲೈನ್ ಮೇಲೆ ಸ್ವರ ಬಂದ ಕೂಡಲೇ ಕೇಳಿಸಿಕೊಳ್ಳಲು ಶುರು ಮಾಡುತ್ತದೆ. ತಂತಿಯ ಬದಲು ಒಎನ್‌ಟಿಯ ಪೋರ್ಟ್‌ನಿಂದ ಲೈನ್ ಎಳೆದುಕೊಂಡವರಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ನಂಬರ್ ಕಳಿಸುವುದು ಎಕ್ಸ್‌ಚೇಂಜ್ ಅಲ್ಲ, ಆ ಡಬ್ಬಿ. ಅದು ಎಫ್‌ಎಸ್‌ಕೆಯನ್ನೂ ಕಳಿಸುತ್ತಿರಬಹುದು. ಹಳೆಯ ತಾಮ್ರದ ಲೈನ್‌ನಲ್ಲಿ ಚೆನ್ನಾಗಿದ್ದ ಸೆಟಪ್ ಫೈಬರ್ ಬಂದ ಮೇಲೆ ಹಾಳಾಯಿತು ಅನ್ನುವವರು ಮೊದಲು ಇಲ್ಲೇ ನೋಡಬೇಕು. ಈ ಬದಲಾವಣೆಗಳಿಗೆ ಬರೀ ಡಯಲ್‌ಪ್ಲಾನ್ ರೀಲೋಡ್ ಸಾಲದು, ಆಸ್ಟರಿಸ್ಕನ್ನೇ ಒಮ್ಮೆ ನಿಲ್ಲಿಸಿ ಶುರು ಮಾಡಿ.

ಅಂಗಡಿಯ ಮಾಮೂಲಿ ಫೋನಿನಲ್ಲಿ ನಂಬರ್ ಬಂದದ್ದು ಯಾಕೆ ಹಾಗಾದರೆ? ನಮ್ಮಲ್ಲಿ ಮಾರುವ ಬಹುಪಾಲು ಫೋನ್‌ಗಳು ಎರಡೂ ರೀತಿಯನ್ನು ತಾವೇ ಗುರುತಿಸುತ್ತವೆ. ಡಬ್ಬಿಯ ಮೇಲೆ ಹಾಗಂತ ಬರೆದಿರುತ್ತದೆ ಕೂಡ.

3. ನಂಬರೇ ಬರದಿದ್ದರೆ: ಗೇಟ್‌ವೇ ಡಬ್ಬಿ

ಪಿಸಿಯ ಫೋನ್ ಕಾರ್ಡನ್ನು ರಾಸ್‌ಬೆರಿ ಪೈಗೆ ಹಾಕುವುದು ಸುಲಭವಲ್ಲ. ಹಾಗಾಗಿ ಹೆಚ್ಚಿನವರು ಎಫ್‌ಎಕ್ಸ್‌ಒ ಪೋರ್ಟ್, ಅಂದರೆ ಲ್ಯಾಂಡ್‌ಲೈನ್ ಚುಚ್ಚುವ ಜಾಗ, ಇರುವ ಪುಟ್ಟ ಗೇಟ್‌ವೇ ಬಳಸುತ್ತಾರೆ. ಗ್ರ್ಯಾಂಡ್‌ಸ್ಟ್ರೀಮ್‌ನ ಎಚ್‌ಟಿ813, ಅಥವಾ ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಸಿಗುವ ಲಿಂಕ್‌ಸಿಸ್ ಎಸ್‌ಪಿಎ3102. ಇಲ್ಲಿ ನಂಬರ್ ಎರಡು ಕಡೆ ಕಳೆದುಹೋಗಬಹುದು: ಲೈನ್‌ನಿಂದ ಡಬ್ಬಿಗೆ ಬರುವಾಗ, ಡಬ್ಬಿಯಿಂದ ಸರ್ವರ್‌ಗೆ ಹೋಗುವಾಗ.

ಮೊದಲನೆಯದಕ್ಕೆ ಡಬ್ಬಿಯ ವೆಬ್ ಪುಟದಲ್ಲಿ ಕಾಲರ್ ಐಡಿ ರೀತಿಯನ್ನು ನಿಮ್ಮ ಲೈನ್‌ಗೆ ತಕ್ಕಂತೆ ಬದಲಿಸಿ. ಡಿಟಿಎಂಎಫ್‌ನಲ್ಲೇ ಎರಡು ಮೂರು ಬಗೆ ಇರುತ್ತವೆ, ಒಂದೊಂದಾಗಿ ಪ್ರಯತ್ನಿಸಿ. ಜೊತೆಗೆ ಎಷ್ಟು ರಿಂಗ್ ಆದ ಮೇಲೆ ಡಬ್ಬಿ ಕರೆಯನ್ನು ಎತ್ತಬೇಕು ಅನ್ನುವುದನ್ನೂ ನೋಡಿ. ಬೇಗ ಎತ್ತಲಿ ಅಂತ ಅದನ್ನು ಒಂದಕ್ಕೆ ಇಳಿಸಿಟ್ಟಿದ್ದರೆ, ಎಫ್‌ಎಸ್‌ಕೆ ಲೈನ್‌ನಲ್ಲಿ ನಂಬರ್ ಬರುವ ಮೊದಲೇ ಕರೆ ಎತ್ತಿಬಿಡುತ್ತದೆ. ಎರಡಾದರೂ ಇರಲಿ.

ಎರಡನೆಯದು ಇನ್ನೂ ಸರಳ, ಆದರೂ ಜನ ಒದ್ದಾಡುವುದು ಇಲ್ಲೇ. ಎಸ್‌ಪಿಎ3102ರಲ್ಲಿ "ಪಿಎಸ್‌ಟಿಎನ್ ಸಿಐಡಿ ಫಾರ್ ವಾಯ್ಪ್ ಸಿಐಡಿ" ಅಂತ ಒಂದು ಆಯ್ಕೆ ಇದೆ. ಅದು ನೋ ಆಗಿದ್ದರೆ ಡಬ್ಬಿಗೆ ನಂಬರ್ ಗೊತ್ತಿದ್ದರೂ ಸರ್ವರ್‌ಗೆ ಹೇಳುವುದಿಲ್ಲ. ತನ್ನದೇ ಹೆಸರು ಕಳಿಸುತ್ತದೆ. ಎಚ್‌ಟಿ813ರಲ್ಲಿ ಇದೇ ಕೆಲಸಕ್ಕೆ "ಕಾಲರ್ ಐಡಿ ಟ್ರಾನ್ಸ್‌ಪೋರ್ಟ್ ಟೈಪ್" ಇದೆ. ಅದನ್ನು ಫ್ರಮ್ ಹೆಡರ್ ಮೂಲಕ ಕಳಿಸುವ ಆಯ್ಕೆಗೆ ಇಡಿ. ನಿಮ್ಮ ಕನ್ಸೋಲ್‌ನಲ್ಲಿ ಪ್ರತಿ ಕರೆಗೂ ಒಂದೇ ನಂಬರ್, ಅದೂ ಟ್ರಂಕ್‌ನ ಯೂಸರ್‌ನೇಮ್, ಕಾಣುತ್ತಿದ್ದರೆ ಗುಟ್ಟು ಇಲ್ಲೇ ಇದೆ ಅಂದುಕೊಳ್ಳಿ.

4. ನಂಬರೇ ಬರದಿದ್ದರೆ: ಸಿಪ್ ಟ್ರಂಕ್

ಸಿಪ್‌ನಲ್ಲಿ ನಂಬರ್ ಬರದಿರುವುದು ಅಪರೂಪ, ತಪ್ಪು ನಂಬರ್ ಬರುವುದು ಸಾಮಾನ್ಯ. ಆಗಲೇ ಬರೆದಿಟ್ಟುಕೊಂಡ ಎರಡು ಸಾಲು ಈಗ ನೋಡಿ. ಫ್ರಮ್ ಸಾಲಿನಲ್ಲಿ ನಿಮ್ಮದೇ ಖಾತೆಯ ನಂಬರ್, ಪಿ-ಅಸರ್ಟೆಡ್-ಐಡೆಂಟಿಟಿಯಲ್ಲಿ ಕರೆ ಮಾಡಿದವರ ನಿಜವಾದ ನಂಬರ್ ಇದ್ದರೆ, ಎರಡನೆಯದನ್ನು ನಂಬು ಅಂತ ಆಸ್ಟರಿಸ್ಕ್‌ಗೆ ನೀವು ಹೇಳಬೇಕು. ಆ ಟ್ರಂಕ್‌ನ ಪಿಜೆಸಿಪ್ (ಆಸ್ಟರಿಸ್ಕ್‌ನ ಸಿಪ್ ಭಾಗ) ಎಂಡ್‌ಪಾಯಿಂಟ್‌ನಲ್ಲಿ, ಅಂದರೆ ಅದರ ಸೆಟ್ಟಿಂಗ್ ಸಾಲುಗಳಲ್ಲಿ, "ಟ್ರಸ್ಟ್_ಐಡಿ_ಇನ್‌ಬೌಂಡ್" ಯೆಸ್ ಮಾಡಿ. ಡಿಫಾಲ್ಟ್ ನೋ ಇರುತ್ತದೆ. ಫ್ರೀಪಿಬಿಎಕ್ಸ್‌ನಲ್ಲಿ ಇದು ಟ್ರಂಕ್‌ನ ಅಡ್ವಾನ್ಸ್ಡ್ ಪುಟದಲ್ಲಿದೆ.

ಅದೇ ಎಂಡ್‌ಪಾಯಿಂಟ್‌ನಲ್ಲಿ "ಕಾಲರ್‌ಐಡಿ" ಅನ್ನುವ ಸಾಲು ಇದ್ದರೆ ತೆಗೆದುಹಾಕಿ. ಮನೆಯೊಳಗಿನ ಫೋನ್‌ಗೆ, ಅಂದರೆ ಎಕ್ಸ್‌ಟೆನ್ಶನ್‌ಗೆ, ಅದು ಬೇಕು. ಟ್ರಂಕ್‌ನಲ್ಲಿದ್ದರೆ ಹೊರಗಿನಿಂದ ಬಂದವರೆಲ್ಲ ಅದೇ ಹೆಸರು ಹೊತ್ತು ಒಳಗೆ ಬರುತ್ತಾರೆ. ಎಕ್ಸ್‌ಟೆನ್ಶನ್‌ನ ಸಾಲುಗಳನ್ನು ಕಾಪಿ ಮಾಡಿ ಟ್ರಂಕ್ ಬರೆದವರ ಫೈಲ್‌ನಲ್ಲಿ ಇದು ಇದ್ದೇ ಇರುತ್ತದೆ.

5. ಎಲ್ಲ ನಂಬರನ್ನೂ ಒಂದೇ ರೂಪಕ್ಕೆ ತನ್ನಿ

ನಂಬರ್ ಬರುತ್ತಿದೆ ಅಂತಾಯಿತು. ಈಗ ಬರೆದುಕೊಂಡ ಪಟ್ಟಿ ನೋಡಿ. ಅಣ್ಣನ ನಂಬರ್ 1234567890 ಅಂತ ಇಟ್ಟುಕೊಳ್ಳೋಣ, ಬರೀ ಉದಾಹರಣೆಗೆ. ಅದು ಒಂದು ಟ್ರಂಕ್‌ನಿಂದ +911234567890 ಅಂತ, ಇನ್ನೊಂದರಿಂದ 911234567890 ಅಂತ, ಲ್ಯಾಂಡ್‌ಲೈನ್‌ನಿಂದ 01234567890 ಅಂತ, ಒಮ್ಮೊಮ್ಮೆ ಬರೀ ಹತ್ತಂಕಿಯಾಗಿ ಬರಬಹುದು. ನಿಯಮದಲ್ಲಿ ನೀವು ಬರೆದದ್ದು ಹತ್ತೇ ಅಂಕಿ. ಹಾಗಾಗಿ ನಾಲ್ಕರಲ್ಲಿ ಒಂದು ರೂಪಕ್ಕೆ ಮಾತ್ರ ನಿಯಮ ಕೆಲಸ ಮಾಡುತ್ತದೆ. "ಒಮ್ಮೊಮ್ಮೆ ಸರಿ ಹೋಗುತ್ತೆ, ಒಮ್ಮೊಮ್ಮೆ ಇಲ್ಲ" ಅನ್ನುವ ದೂರು ಇಲ್ಲಿಂದಲೇ ಹುಟ್ಟುವುದು.

ಪ್ರತಿ ರೂಪಕ್ಕೂ ಒಂದೊಂದು ನಿಯಮ ಬರೆಯುವುದು ಹುಚ್ಚು ಕೆಲಸ. ಕರೆ ಒಳಗೆ ಬಂದ ಕೂಡಲೇ, ನಿಯಮಗಳಿಗೆ ಸಿಗುವ ಮುಂಚೆ, ನಂಬರನ್ನು ಒಂದೇ ರೂಪಕ್ಕೆ ತರಬೇಕು.

ಇದಕ್ಕೆ ಎಲ್ಲರೂ ಹೇಳುವ ಸುಲಭದ ದಾರಿ ಕೊನೆಯ ಹತ್ತು ಅಂಕಿ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುವುದು. ಆಸ್ಟರಿಸ್ಕ್‌ನಲ್ಲಿ ನಂಬರ್ ಆದ ಮೇಲೆ ಕೋಲನ್, ಮೈನಸ್ 10 ಅಂತ ಬರೆದರೆ ಆಯಿತು. ಊರೊಳಗಿನ ಕರೆ ಮಾತ್ರ ಬರುವ ಮನೆಗೆ ಇಷ್ಟು ಸಾಕು. ಆದರೆ ವಿದೇಶದ ಕರೆ ಬರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಅಮೆರಿಕದ ನಂಬರ್‌ಗೂ ದೇಶದ ಕೋಡ್ ಬಿಟ್ಟರೆ ಹತ್ತೇ ಅಂಕಿ. ಕ್ಯಾಲಿಫೋರ್ನಿಯಾದ 925 ಏರಿಯಾ ಕೋಡ್‌ನಿಂದ ಬಂದ ಕರೆಯ ಮುಂದಿನ 1 ಕತ್ತರಿಸಿದರೆ ಉಳಿಯುವುದು ನಮ್ಮ ಮೊಬೈಲ್ ನಂಬರ್‌ನಂತೆಯೇ ಕಾಣುತ್ತದೆ. ಎರಡೂ ಕಲಸಿಹೋಗುತ್ತವೆ.

91 ಇದ್ದರೆ ಕತ್ತರಿಸು ಅನ್ನುವುದೂ ಅರ್ಧ ಸರಿ. 91ರಿಂದಲೇ ಶುರುವಾಗುವ ಹತ್ತಂಕಿಯ ಮೊಬೈಲ್ ನಂಬರ್‌ಗಳು ನಮ್ಮಲ್ಲಿವೆ. ಅವುಗಳ ತಲೆ ಹಾರಿಸಿದರೆ ಎಂಟು ಅಂಕಿ ಉಳಿಯುತ್ತದೆ. ಹಾಗಾಗಿ ಶುರುವಿನ ಅಂಕಿ ಮತ್ತು ಉದ್ದ, ಎರಡನ್ನೂ ಸೇರಿಸಿ ನೋಡಬೇಕು. ಉದ್ದಕ್ಕೆ "ಲೆನ್" ಅನ್ನುವ ಫಂಕ್ಷನ್ ಇದೆ. ಕ್ರಮ ಹೀಗಿರಲಿ:

- ಮೊದಲು "ಫಿಲ್ಟರ್" ಫಂಕ್ಷನ್‌ಗೆ 0-9 ಕೊಟ್ಟು ಪ್ಲಸ್, ಹೈಫನ್, ಸ್ಪೇಸ್ ಎಲ್ಲ ತೆಗೆಯಿರಿ. ಫಲಿತಾಂಶ ಖಾಲಿ ಬಂದರೆ ಅಲ್ಲಿಗೇ ನಿಲ್ಲಿಸಿ, ಮೂಲ ನಂಬರನ್ನು ಮುಟ್ಟಬೇಡಿ. ಅದು ಯಾಕೆ ಅಂತ ಏಳನೇ ಭಾಗದಲ್ಲಿದೆ.
- 00 ಇಂದ ಶುರುವಾದರೆ ಆ ಎರಡನ್ನು ಕತ್ತರಿಸಿ. ಅದು ವಿದೇಶದ ಕರೆಯ ಗುರುತು.
- ಉದ್ದ 12 ಇದ್ದು 91ರಿಂದ ಶುರುವಾದರೆ ಮೊದಲ ಎರಡು ಅಂಕಿ ಕತ್ತರಿಸಿ.
- ಉದ್ದ 11 ಇದ್ದು 0ಯಿಂದ ಶುರುವಾದರೆ ಸೊನ್ನೆ ಕತ್ತರಿಸಿ.
- ನಿಮ್ಮ ಊರಿನ ಲ್ಯಾಂಡ್‌ಲೈನ್‌ನ ಉದ್ದ ಇದ್ದರೆ, ಮುಂದೆ ಎಸ್‌ಟಿಡಿ ಕೋಡ್ ಸೇರಿಸಿ.
- ಉಳಿದದ್ದನ್ನು ಹಾಗೇ ಬಿಡಿ. ವಿದೇಶದ ನಂಬರ್ ದೇಶದ ಕೋಡ್ ಸಮೇತ ಇರಲಿ.

ಐದನೆಯದು ಬಹಳ ಜನ ಮರೆಯುವುದು. ನಮ್ಮ ದೇಶದ ನಂಬರ್ ಎಸ್‌ಟಿಡಿ ಕೋಡ್ ಸೇರಿ, ಮುಂದಿನ ಸೊನ್ನೆ ಬಿಟ್ಟು, ಹತ್ತು ಅಂಕಿ. ಬೆಂಗಳೂರಿಗೆ 80 ಆದ ಮೇಲೆ ಎಂಟು ಅಂಕಿ. ಮೈಸೂರಿಗೆ 821 ಆದ ಮೇಲೆ ಏಳು. ಶಿವಮೊಗ್ಗಕ್ಕೆ 8182 ಆದ ಮೇಲೆ ಆರು. ಆದರೆ ಅದೇ ಊರೊಳಗಿನ ಕರೆಯಲ್ಲಿ ಎಸ್‌ಟಿಡಿ ಕೋಡ್ ಬರದೆ ಬರೀ ಏಳೋ ಆರೋ ಅಂಕಿ ಬರಬಹುದು. ಮೈಸೂರಿನ ಮನೆಯಲ್ಲಿ ಏಳಂಕಿ ಬಂದರೆ ಮುಂದೆ 821 ಸೇರಿಸಿ ಅನ್ನುವ ಒಂದು ಸಾಲು ಬರೆದರೆ ಪಕ್ಕದ ಬೀದಿಯ ಚಿಕ್ಕಮ್ಮನೂ ಪಟ್ಟಿಯೊಳಗೆ ಬರುತ್ತಾರೆ.

ಕೆಲಸ ಮುಗಿದ ಮೇಲೆ ಫಲಿತಾಂಶವನ್ನು ಮತ್ತೆ ಕಾಲರ್‌ಐಡಿಯ ನಮ್ ಭಾಗಕ್ಕೇ ಬರೆಯಿರಿ. ಕೆಳಗೊಂದು ನೋಆಪ್ ಹಾಕಿ. ತಿದ್ದುವ ಮುಂಚೆ ಏನಿತ್ತು, ಆಮೇಲೆ ಏನಾಯಿತು, ಎರಡೂ ಲಾಗ್‌ನಲ್ಲಿರಲಿ.

ಫ್ರೀಪಿಬಿಎಕ್ಸ್ ಬಳಸುವವರು ಇದನ್ನು "ಎಕ್ಸ್‌ಟೆನ್ಶನ್ಸ್_ಕಸ್ಟಮ್" ಕಾನ್ಫ್ ಫೈಲ್‌ನಲ್ಲೇ ಬರೆಯಬೇಕು. ಎಕ್ಸ್‌ಟೆನ್ಶನ್ಸ್_ಅಡಿಷನಲ್‌ನಲ್ಲಿ ಬರೆದರೆ ಮುಂದಿನ ಸಲ ಅಪ್ಲೈ ಕಾನ್ಫಿಗ್ ಒತ್ತಿದಾಗ ಅಳಿಸಿಹೋಗುತ್ತದೆ. ಹೊಸ ಹೆಸರಿನ ಒಂದು ಕಾಂಟೆಕ್ಸ್ಟ್ (ಡಯಲ್‌ಪ್ಲಾನ್‌ನ ನಿಯಮಗಳ ಗುಂಪು) ಮಾಡಿ, ಟ್ರಂಕ್‌ನ ಕಾಂಟೆಕ್ಸ್ಟ್ ಜಾಗದಲ್ಲಿ ಅದರ ಹೆಸರು ಕೊಡಿ. ನಂಬರ್ ತಿದ್ದಿದ ಮೇಲೆ, ಕರೆ ಯಾವ ಎಕ್ಸ್‌ಟೆನ್ಶನ್‌ಗೆ, ಇಲ್ಲಿ ಅಂದರೆ ಒತ್ತಿದ ಯಾವ ನಂಬರ್‌ಗೆ, ಬಂದಿತ್ತೋ ಅದನ್ನೇ ಹಿಡಿದುಕೊಂಡು "ಫ್ರಮ್-ಪಿಎಸ್‌ಟಿಎನ್" ಕಾಂಟೆಕ್ಸ್ಟ್‌ಗೆ ಗೋಟು ಮಾಡಿ, ಅಂದರೆ ಕರೆಯನ್ನು ಅಲ್ಲಿಗೆ ದಾಟಿಸಿ. ಅಲ್ಲಿಂದ ಮುಂದೆ ಎಂದಿನಂತೆ ಇನ್‌ಬೌಂಡ್ ರೂಟ್‌ಗಳು, ಅಂದರೆ ಒಳಬರುವ ಕರೆಯ ನಿಯಮಗಳು, ನೋಡಿಕೊಳ್ಳುತ್ತವೆ. ಟ್ರಂಕ್ ನಿಮ್ಮ ನಂಬರನ್ನು ಪ್ಲಸ್ ಸಮೇತ ಕಳಿಸುತ್ತಿದ್ದರೆ, ಬರೀ ಅಂಕಿಗೆ ಬರೆದ ಪ್ಯಾಟರ್ನ್ (ನಂಬರ್ ಹೇಗಿರಬೇಕು ಅನ್ನುವ ಅಚ್ಚು) ಅದನ್ನು ಹಿಡಿಯುವುದಿಲ್ಲ. ಪ್ಲಸ್‌ಗೆ ಬೇರೆ ಸಾಲು ಬೇಕು, ನಂಬರೇ ಇಲ್ಲದೆ ಬರುವ ಲ್ಯಾಂಡ್‌ಲೈನ್ ಕರೆಗೆ "ಎಸ್" ಸಾಲೂ ಬೇಕು.

6. ಯಾವ ನಿಯಮ ಹಿಡಿಯಿತು?

ನಂಬರ್ ಸರಿಯಾದ ರೂಪದಲ್ಲಿದೆ, ಆದರೂ ಕರೆ ತಪ್ಪು ಕಡೆ ಹೋಗುತ್ತಿದೆ. ಈಗ ನಿಯಮಗಳತ್ತ ತಿರುಗೋಣ.

ಫ್ರೀಪಿಬಿಎಕ್ಸ್‌ನ ಇನ್‌ಬೌಂಡ್ ರೂಟ್‌ನಲ್ಲಿ ಎರಡು ಜಾಗ ಇವೆ: ಬಂದವರು ಒತ್ತಿದ ನಿಮ್ಮ ನಂಬರ್, ಅಂದರೆ ಡಿಐಡಿ, ಮತ್ತು ಬಂದವರ ಸ್ವಂತ ನಂಬರ್. ಬಹಳ ಜನ ಒಂದು ರೂಟ್‌ನಲ್ಲಿ ಡಿಐಡಿ ಮಾತ್ರ ತುಂಬುತ್ತಾರೆ, ಅದು ಎಲ್ಲರಿಗೂ. ಇನ್ನೊಂದರಲ್ಲಿ ಮಗಳ ನಂಬರ್ ಮಾತ್ರ ತುಂಬುತ್ತಾರೆ. ಮಗಳ ನಂಬರ್ ಹೆಚ್ಚು ನಿರ್ದಿಷ್ಟ, ಅದೇ ಗೆಲ್ಲುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಇಲ್ಲ. ಅಲ್ಲಿ ಡಿಐಡಿ ರೂಟ್ ಗೆಲ್ಲುತ್ತದೆ. ಮಗಳ ರೂಟ್ ಸುಮ್ನೆ ಕೂತಿರುತ್ತದೆ. ಪರಿಹಾರ ಎರಡು. ಮಗಳ ರೂಟ್‌ನಲ್ಲಿ ಡಿಐಡಿಯನ್ನೂ ತುಂಬಿ. ಅಥವಾ ಅದೇ ಪುಟದ "ಸಿಐಡಿ ಪ್ರಯಾರಿಟಿ ರೂಟ್" ಆನ್ ಮಾಡಿ. ಮನೆಗೆ ಎರಡು ಲೈನ್ ಇದ್ದರೆ ಎರಡನೆಯದೇ ಒಳ್ಳೆಯದು. ಯಾವ ಲೈನ್‌ಗೆ ಬಂದರೂ ಆ ನಂಬರ್‌ಗೆ ಅದೇ ದಾರಿ ಸಿಗುತ್ತದೆ.

ಹೆಸರು ಹುಡುಕುವ ಸೌಲಭ್ಯ, ಅಂದರೆ ಸಿಐಡಿ ಲುಕಪ್, ಹಾಕಿಕೊಂಡು ಹೆಸರಿನ ಮೇಲೆ ಕರೆ ತಿರುಗುತ್ತದೆ ಅಂದುಕೊಳ್ಳಬೇಡಿ. ರೂಟ್ ಆಯ್ಕೆಯಾದ ಮೇಲೆಯೇ ಹೆಸರು ಹುಡುಕುವುದು.

ಪ್ಯಾಟರ್ನ್ ಬರೆದವರು ಮೊದಲು ಅಂಡರ್‌ಸ್ಕೋರ್ ಇದೆಯಾ ನೋಡಿ. ಅದಿಲ್ಲದಿದ್ದರೆ ಆಸ್ಟರಿಸ್ಕ್ ಪ್ಯಾಟರ್ನನ್ನು ಪ್ಯಾಟರ್ನ್ ಅಂತ ಓದುವುದೇ ಇಲ್ಲ, ಅಕ್ಷರಗಳ ಸಾಲು ಅಂದುಕೊಳ್ಳುತ್ತದೆ. ಡಯಲ್‌ಪ್ಲಾನ್‌ನಲ್ಲಿ ಎಕ್ಸ್‌ಟೆನ್ಶನ್ ಆದ ಮೇಲೆ ಓರೆಗೆರೆ ಹಾಕಿ ಬಂದವರ ನಂಬರ್ ಬರೆಯುವ ರೀತಿಯಲ್ಲಿ, ಓರೆಗೆರೆಯ ಆಚೆಗೂ ಬೇರೆಯದೇ ಅಂಡರ್‌ಸ್ಕೋರ್ ಬೇಕು. ಎರಡನೆಯದಾಗಿ, ಎಕ್ಸ್ ಅಂದರೆ 0ಯಿಂದ 9, ಝಡ್ ಅಂದರೆ 1ರಿಂದ 9, ಎನ್ ಅಂದರೆ 2ರಿಂದ 9. ಎನ್ ಅನ್ನುವುದು ಅಮೆರಿಕದ ಏರಿಯಾ ಕೋಡ್‌ಗೆ ಹೊಲಿದ ಅಂಗಿ. ಅಲ್ಲಿಂದ ಕಾಪಿ ಮಾಡಿದ ಪ್ಯಾಟರ್ನ್ ನಮ್ಮ 140, 1600 ಸರಣಿಗಳನ್ನು ಹಿಡಿಯುವುದಿಲ್ಲ, ಅವು 1ರಿಂದ ಶುರು. ನಮ್ಮ ಮೊಬೈಲ್‌ಗೆ ಅಂಡರ್‌ಸ್ಕೋರ್, ಚೌಕ ಕಂಸದಲ್ಲಿ 6-9, ಆಮೇಲೆ ಒಂಬತ್ತು ಎಕ್ಸ್.

ಈಗ ಮಗಳ ಕರೆ ಎಲ್ಲಿ ಮಾಯವಾಯಿತು ನೋಡೋಣ. ಮಾರಾಟದ ಕರೆ ತಡೆಯಲು 140, ಆಮೇಲೆ ಚುಕ್ಕಿ ಅಂತ ಬರೆದಿರುತ್ತೀರಿ. ಚುಕ್ಕಿ ಅಂದರೆ ಮುಂದೆ ಎಷ್ಟು ಅಂಕಿ ಇದ್ದರೂ ಆಯಿತು. ಮಗಳು ಇರುವುದು ಸ್ಯಾನ್ ಹೋಸೆಯಲ್ಲಿ. ಅಲ್ಲಿನ ಏರಿಯಾ ಕೋಡ್ 408. ಅಮೆರಿಕದ ಕೋಡ್ 1 ಸೇರಿದರೆ ಅವಳ ನಂಬರ್ ಶುರುವಾಗುವುದೇ 1408ರಿಂದ! ಸರ್ವರ್ ಅವಳನ್ನು ಲೋನ್ ಮಾರುವವಳು ಅಂದುಕೊಂಡು ಕರೆ ಕತ್ತರಿಸಿದೆ. ಅಟ್ಲಾಂಟಾದ 404, ಒರ್ಲಾಂಡೋದ 407 ಆದರೂ ಇದೇ ಕತೆ. 140ರ ಸರಣಿ ಒಟ್ಟು ಹತ್ತು ಅಂಕಿ, ಅಮೆರಿಕದ್ದು ಹನ್ನೊಂದು. ಹಾಗಾಗಿ ಚುಕ್ಕಿ ತೆಗೆದು 140 ಆದ ಮೇಲೆ ಸರಿಯಾಗಿ ಏಳು ಎಕ್ಸ್ ಹಾಕಿ. ತಡೆಯುವ ನಿಯಮದಲ್ಲಿ ಚುಕ್ಕಿ ಇರಲೇಬಾರದು ಅನ್ನುವುದು ನನ್ನ ಮಟ್ಟಿಗೆ ಕಡ್ಡಾಯ. 1ರಿಂದ ಶುರುವಾದದ್ದೆಲ್ಲ ಬೇಡ ಅಂತ ಬರೆದವರಿಗೆ 1600ರ ಕರೆಗಳೂ ತಪ್ಪುತ್ತವೆ. ಅದು ಬ್ಯಾಂಕ್ ಮುಂತಾದವರು ವ್ಯವಹಾರದ ಕರೆಗಾಗಿ ಬಳಸಲಿ ಅಂತಲೇ 2024ರಲ್ಲಿ ದೂರಸಂಪರ್ಕ ಇಲಾಖೆ ತಂದ ಸರಣಿ.

"ಡಯಲ್‌ಪ್ಲಾನ್ ಶೋ" ಜೊತೆ ಕಾಂಟೆಕ್ಸ್ಟ್ ಹೆಸರು ಕೊಟ್ಟರೆ ಆಸ್ಟರಿಸ್ಕ್ ತನ್ನ ತಲೆಯಲ್ಲಿ ಇಟ್ಟುಕೊಂಡಿರುವ ನಿಯಮಗಳು ಕಾಣುತ್ತವೆ. ಫೈಲ್‌ನಲ್ಲಿರುವುದು ಬೇರೆ, ತಲೆಯಲ್ಲಿರುವುದು ಬೇರೆ ಆಗಿರಬಹುದು, ರೀಲೋಡ್ ಮರೆತಿದ್ದರೆ. ಇನ್ನೊಂದು ಮಾತು: ಫೈಲ್‌ನಲ್ಲಿ ಮೇಲೆ ಬರೆದದ್ದು ಮೊದಲು ಅಂತ ಆಸ್ಟರಿಸ್ಕ್ ನೋಡುವುದಿಲ್ಲ. ಹೆಚ್ಚು ನಿರ್ದಿಷ್ಟವಾದ ಪ್ಯಾಟರ್ನ್ ಮೊದಲು. ಆದರೆ ಇನ್‌ಕ್ಲೂಡ್ ಮಾಡಿದ ಕಾಂಟೆಕ್ಸ್ಟ್‌ನ ಸರದಿ, ಈ ಕಾಂಟೆಕ್ಸ್ಟ್‌ನಲ್ಲಿ ಏನೂ ಸಿಗದಿದ್ದಾಗ ಮಾತ್ರ. ಮುಖ್ಯ ಕಾಂಟೆಕ್ಸ್ಟ್‌ನಲ್ಲಿ ಎಲ್ಲವನ್ನೂ ಹಿಡಿಯುವ ಪ್ಯಾಟರ್ನ್ ಇಟ್ಟು, ಮನೆಯವರ ಪಟ್ಟಿಯನ್ನು ಇನ್‌ಕ್ಲೂಡ್‌ನಲ್ಲಿಟ್ಟರೆ ಆ ಪಟ್ಟಿಗೆ ಸರದಿ ಬರುವುದೇ ಇಲ್ಲ.

ರೂಟ್ ಸರಿಯಾಗೇ ಆಯ್ಕೆಯಾಗಿದ್ದರೆ ಮುಂದಿನ ನಿಲ್ದಾಣಗಳನ್ನು ಬೇಗ ಒಮ್ಮೆ ನೋಡಿ: ಹೊತ್ತು ನೋಡಿ ಕರೆ ತಿರುಗಿಸುವ ಟೈಮ್ ಕಂಡಿಷನ್‌ನ ಟೈಮ್ ಝೋನ್, ರಿಂಗ್ ಬೇಡ ಅನ್ನುವ ಆ ಫೋನಿನ ಡಿಎನ್‌ಡಿ, ಕರೆಯನ್ನು ಬೇರೆ ಫೋನ್‌ಗೆ ಕಳಿಸುವ ಫಾಲೋ ಮೀ.

7. ನಂಬರ್ ಬಚ್ಚಿಟ್ಟವರು, ಸುಳ್ಳು ನಂಬರ್‌ನವರು

ನಂಬರ್ ಮುಚ್ಚಿಟ್ಟ ಕರೆ ಸಿಪ್‌ನಲ್ಲಿ ಸಾಮಾನ್ಯವಾಗಿ "ಅನಾನಿಮಸ್" ಎಂಬ ಪದ ಹೊತ್ತು ಬರುತ್ತದೆ, ಖಾಲಿಯಾಗಿ ಅಲ್ಲ. ನಂಬರ್ ಖಾಲಿ ಇದೆಯಾ ಅಂತ ಮಾತ್ರ ನೋಡುವ ನಿಯಮ ಇದನ್ನು ಬಿಟ್ಟುಬಿಡುತ್ತದೆ. ಅಂಕಿ ಮಾತ್ರ ಉಳಿಸುವ ಫಿಲ್ಟರ್ ಈ ಪದವನ್ನು ಅಳಿಸಿಹಾಕುತ್ತದೆ, ಅದಕ್ಕೇ ಐದನೇ ಭಾಗದಲ್ಲಿ ಅಲ್ಲಿಗೇ ನಿಲ್ಲಿಸಿ ಅಂದದ್ದು. ಫ್ರೀಪಿಬಿಎಕ್ಸ್‌ನ ಬಂದವರ ನಂಬರ್ ಜಾಗದಲ್ಲಿ ಅನಾನಿಮಸ್, ಪ್ರೈವೇಟ್, ಅನ್‌ನೋನ್ ಮುಂತಾದ ಪದಗಳನ್ನೇ ಬರೆಯಬಹುದು. ಲಾಗ್‌ನಲ್ಲಿ ಯಾವ ಪದ ಬಂದಿದೆ ನೋಡಿ ಅದನ್ನೇ ಹಾಕಿ.

ಇಂಥ ಕರೆಗಳನ್ನು ಸೀದಾ ಕತ್ತರಿಸಬೇಡಿ. ಆಸ್ಪತ್ರೆಯಿಂದಲೋ ಕಚೇರಿಯಿಂದಲೋ ಬರುವ ಕರೆಗೂ ಒಮ್ಮೊಮ್ಮೆ ನಂಬರ್ ಇರುವುದಿಲ್ಲ. "ಮಾತಾಡಬೇಕಿದ್ದರೆ 1 ಒತ್ತಿ" ಅನ್ನುವ ಒಂದು ಐವಿಆರ್‌ಗೆ ಕಳಿಸಿ. ಯಂತ್ರದಿಂದ ಬರುವ ಕರೆಗಳು ಬಹುತೇಕ ಅಲ್ಲೇ ಸೋಲುತ್ತವೆ. ಮನೆಯವರ ದನಿಯಲ್ಲೇ ಕನ್ನಡದಲ್ಲಿ ರೆಕಾರ್ಡ್ ಮಾಡಿದರೆ ಬಂದ ಅಜ್ಜಿಯೂ ಗಾಬರಿಯಾಗುವುದಿಲ್ಲ.

ಬಂದ ನಂಬರ್ ನಿಜ ಅಂತ ಯಾವ ಸರ್ವರ್ರೂ ಖಾತ್ರಿ ಕೊಡಲಾರದು. ನಂಬರ್ ಸುಳ್ಳಾಗಿ ಹಾಕಿ ಕರೆ ಮಾಡಬಹುದು. ಅಮೆರಿಕದಲ್ಲಿ 2021ರಿಂದ ದೊಡ್ಡ ಕಂಪನಿಗಳು ಐಪಿ ಜಾಲದ ಕರೆಗಳಿಗೆ ಸಹಿ ಹಾಕಬೇಕು ಅನ್ನುವ ನಿಯಮ ಬಂದದ್ದೂ ಇದಕ್ಕೇ. ಆದ್ದರಿಂದ ನಂಬರ್ ನೋಡಿ ಯಾವ ಫೋನ್ ರಿಂಗ್ ಆಗಬೇಕು ಅಂತ ತೀರ್ಮಾನಿಸಿ, ಅಷ್ಟಕ್ಕೇ ನಿಲ್ಲಿಸಿ. ನನ್ನ ಮೊಬೈಲ್‌ನಿಂದ ಬಂದರೆ ಗೇಟ್ ತೆರೆ, ಹೊರಗಿನ ಲೈನ್ ಕೊಡು ಅನ್ನುವ ನಿಯಮಕ್ಕೆ ಪಿನ್ ಕಡ್ಡಾಯ ಇರಲಿ. ಲ್ಯಾಂಡ್‌ಲೈನ್ ಕರೆಯನ್ನು ಇಂಟರ್ನೆಟ್ ಮೂಲಕ ಬೇರೆ ಊರಿಗೋ ದೇಶಕ್ಕೋ ದಾಟಿಸುವುದಕ್ಕೆ ನಮ್ಮಲ್ಲಿ ಕಾನೂನಿನ ನಿರ್ಬಂಧಗಳೂ ಇವೆ. ಮನೆಯೊಳಗಿನ ಫೋನ್‌ಗಳಿಗೆ ಹಂಚುವುದರಲ್ಲೇ ಇರಿ.

8. ಯಾರಿಗೂ ತೊಂದರೆ ಕೊಡದೆ ಪರೀಕ್ಷೆ

ಪ್ರತಿ ಬದಲಾವಣೆಗೂ ಸ್ಯಾನ್ ಹೋಸೆಯವರನ್ನು ಎಬ್ಬಿಸಿ ಕರೆ ಮಾಡಿಸುವುದು ಆಗದ ಮಾತು. ಮನೆಯೊಳಗಿನಿಂದ ಮಾತ್ರ ಒತ್ತಬಹುದಾದ ಒಂದು ಪರೀಕ್ಷಾ ಎಕ್ಸ್‌ಟೆನ್ಶನ್ ಮಾಡಿಕೊಳ್ಳಿ. ಅದರ ಮೊದಲ ಸಾಲು ಕಾಲರ್‌ಐಡಿಯ ನಮ್ ಭಾಗಕ್ಕೆ ಪರೀಕ್ಷೆಯ ನಂಬರ್ ಬರೆಯಲಿ. ಎರಡನೇ ಸಾಲು, ಹೊರಗಿನ ಕರೆ ಮೊದಲು ಇಳಿಯುವ ಕಾಂಟೆಕ್ಸ್ಟ್‌ಗೆ, ನಿಮ್ಮ ಡಿಐಡಿ ಹಿಡಿದು, ಗೋಟು ಮಾಡಲಿ. ಸರ್ವರ್‌ಗೆ ಅದು ಹೊರಗಿನಿಂದ ಬಂದ ಕರೆಯಂತೆಯೇ ಕಾಣುತ್ತದೆ. ಫ್ರೀಪಿಬಿಎಕ್ಸ್‌ನಲ್ಲಿ ಒಳಬರುವ ಕರೆಯ ಅನುಕರಣೆಗೆ 7777 ಅನ್ನುವ ಕೋಡ್ ಇದೆ. ಆದರೆ ಅದರಲ್ಲಿ ಬರುವುದು ನಿಮ್ಮ ಎಕ್ಸ್‌ಟೆನ್ಶನ್‌ನ ನಂಬರ್, ಹಾಗಾಗಿ ನಮ್ಮ ಕೆಲಸಕ್ಕೆ ಸ್ವಂತದ್ದೇ ಬೇಕು.

ಪರೀಕ್ಷೆಯ ನಂಬರ್‌ಗಳಲ್ಲಿ ಇವು ಇರಲಿ: ಪ್ಲಸ್ 91 ಇರುವುದು, ಸೊನ್ನೆ ಇರುವುದು, 91ರಿಂದಲೇ ಶುರುವಾಗುವ ಹತ್ತಂಕಿ, ಊರೊಳಗಿನ ಏಳಂಕಿ, 140ರ ಹತ್ತಂಕಿ, 1408ರ ಹನ್ನೊಂದಂಕಿ, ಅನಾನಿಮಸ್ ಪದ, ಪೂರ್ತಿ ಖಾಲಿ. ಪ್ರತಿಯೊಂದಕ್ಕೂ ಯಾವ ಫೋನ್ ರಿಂಗ್ ಆಗಬೇಕು ಅಂತ ಮೊದಲೇ ಬರೆದಿಟ್ಟು, ಆಮೇಲೆ ಒತ್ತಿ.

ಈ ಪರೀಕ್ಷೆ ನಿಯಮಗಳನ್ನು ಮಾತ್ರ ತೂಗುತ್ತದೆ. ಲೈನ್‌ನಿಂದ ನಂಬರ್ ಬರುತ್ತಿದೆಯಾ ಅನ್ನುವುದನ್ನು ಇದು ಹೇಳುವುದಿಲ್ಲ. ಹಾಗಾಗಿ ಒಎನ್‌ಟಿ ಬದಲಾದರೆ, ಟ್ರಂಕ್ ಕೊಡುವವರು ಬದಲಾದರೆ, ಗೇಟ್‌ವೇಯ ಫರ್ಮ್‌ವೇರ್ ಅಪ್‌ಡೇಟ್ ಆದರೆ, ಹೊರಗಿನಿಂದ ಒಂದು ನಿಜವಾದ ಕರೆ ಮಾಡಿ ಕನ್ಸೋಲ್‌ನಲ್ಲಿ ಆ ಚೌಕ ಕಂಸದೊಳಗೆ ಏನು ಬಂತು ಅಂತ ನೋಡಿ.